ಘಟ್ಟ ಇಳಿದಾಗಲೆಲ್ಲ ಮರಳುವ ನಡುಕ: ಹಳೆಯ ಎಸ್‌ಯುವಿಯೊಂದರ ಪ್ರಕರಣ

ವಾಹನ 2010ರ ಮಾದರಿಯ ಡೀಸೆಲ್ ಎಸ್‌ಯುವಿ. ಏಳು ಆಸನ, ಲ್ಯಾಡರ್ ಚಾಸಿ, ಹಿಂದಿನ ಚಕ್ರಗಳಿಗೆ ಎಳೆತ, ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್. ಓಡಿದ್ದು ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು. ಮಾಲೀಕರು ಖಾನಾಪುರ ತಾಲ್ಲೂಕಿನ ಗೋಡಂಬಿ ವ್ಯಾಪಾರಿ. ವಾರಕ್ಕೆ ಒಂದೆರಡು ಬಾರಿಯಾದರೂ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿದು ಗೋವಾಕ್ಕೆ ಹೋಗಿ ಬರುತ್ತಾರೆ. ಉಳಿದ ದಿನಗಳಲ್ಲಿ ಗಾಡಿ ಮನೆಯ ಮುಂದೆ ಬಯಲಿನಲ್ಲಿಯೇ ನಿಲ್ಲುತ್ತದೆ. ಮಲಪ್ರಭೆ ಹುಟ್ಟುವ ಸೀಮೆ ಅದು. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಈ ಒಂದು ಸಂಗತಿ ಪ್ರಕರಣದ ಅರ್ಧ ಭಾಗವನ್ನು ವಿವರಿಸುತ್ತದೆ ಎಂಬುದು ಆಮೇಲೆ ತಿಳಿಯಿತು.

ನನ್ನ ಗ್ಯಾರೇಜಿಗೆ ತಂದಾಗ ಅವರ ದೂರು ಹೀಗಿತ್ತು: ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ, ಪೆಡಲ್ ಪಾದದ ಕೆಳಗೆ ಮಿಡಿಯುತ್ತದೆ. ಬ್ರೇಕ್ ಹಾಕದಿದ್ದರೂ ಎಂಬತ್ತರ ವೇಗದಲ್ಲಿ ಗಾಡಿಯ ಮೂತಿ ಅಲುಗುತ್ತದೆ. ದುರಸ್ತಿ ಮಾಡಿಸಿದರೆ ಕೆಲವು ವಾರ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ.

ಅವರು ತಂದಿದ್ದ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಓದಿದೆ. ಮೊದಲು ಬ್ರೇಕ್ ಪ್ಯಾಡ್. ನಂತರ ಡಿಸ್ಕುಗಳನ್ನು ಲೇತಿನಲ್ಲಿ ತಿರುವಿಸಿದ್ದು. ಮತ್ತೆ ಪ್ಯಾಡ್. ಆಮೇಲೆ ಎರಡೂ ಕಡೆ ಹೊಸ ಡಿಸ್ಕು. ನಡುನಡುವೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್, ಚಕ್ರದ ಸುತ್ತ ತೂಕ ಸಮ ಮಾಡುವ ಬ್ಯಾಲೆನ್ಸಿಂಗ್, ಕೊನೆಗೆ ಮುಂದಿನ ಎರಡು ಹೊಸ ಟೈರು. ಈ ಯಾವ ಕೆಲಸವನ್ನೂ ನಾನು ಅನವಶ್ಯಕ ಎನ್ನುವುದಿಲ್ಲ. ಒಂದೊಂದರ ಹಿಂದೆಯೂ ಒಂದು ತರ್ಕವಿದೆ. ಆದರೆ ಅಷ್ಟು ಕಾಗದಗಳಲ್ಲಿ ಎಲ್ಲಿಯೂ ಒಂದು ಅಳತೆ ಬರೆದಿರಲಿಲ್ಲ. ಡಿಸ್ಕಿನ ದಪ್ಪ ಎಷ್ಟು, ಡಿಸ್ಕು, ಚಕ್ರ ಎರಡೂ ಕೂರುವ ಹಬ್ಬಿನ (hub) ಮೇಲೆ ಅದು ಎಷ್ಟು ಓಲಾಡುತ್ತದೆ, ಚಕ್ರದ ನಟ್ಟುಗಳನ್ನು ಎಷ್ಟು ಬಿಗಿ ಮಾಡಲಾಯಿತು, ಯಾವುದೂ ಇಲ್ಲ. ಸವೆದ ಭಾಗವನ್ನು ಪ್ರತಿ ಸಲವೂ ಬದಲಿಸಲಾಗಿತ್ತು. ಅದನ್ನು ಸವೆಯಿಸುತ್ತಿದ್ದದ್ದು ಯಾವುದು ಎಂದು ಯಾರೂ ಹುಡುಕಿರಲಿಲ್ಲ.

ನಾನು ಜ್ಯಾಕ್ ತೆಗೆಯುವ ಮೊದಲು ಪ್ರಶ್ನೆ ಕೇಳುತ್ತೇನೆ. ನಡುಕ ಸ್ಟಿಯರಿಂಗಿನಲ್ಲಿಯೋ ಆಸನದಲ್ಲಿಯೋ? ಸ್ಟಿಯರಿಂಗಿನಲ್ಲಿ ಎಂದರೆ ಬಹುಪಾಲು ಮುಂದಿನ ಚಕ್ರಗಳು; ಆಸನದ ಕೆಳಗೆ ಎಂದರೆ ಹಿಂದಿನ ಚಕ್ರ ಅಥವಾ ಎಂಜಿನ್ನಿನ ಎಳೆತವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಬೆಳಿಗ್ಗೆ ತಣ್ಣಗಿದ್ದಾಗಲೂ ಇದೆಯೋ, ಘಟ್ಟ ಇಳಿದ ಮೇಲೆ ಮಾತ್ರವೋ? ವೇಗ ಹೆಚ್ಚಿದಂತೆ ನಡುಕ ಹೆಚ್ಚುತ್ತದೆಯೋ, ಒಂದು ವೇಗದಲ್ಲಿ ಬಂದು ಹೋಗುತ್ತದೆಯೋ? ಮಾಲೀಕರಿಗೆ ಇದಕ್ಕೆಲ್ಲ ಉತ್ತರವಿರಲಿಲ್ಲ. ಗಾಡಿ ಓಡಿಸುವ ಹುಡುಗ ಹಿಂದೆ ನಿಂತಿದ್ದ. ಅವನನ್ನು ಕೇಳಿದಾಗ ಸಂಕೋಚದಿಂದಲೇ ಹೇಳಿದ: "ಮಿಸ್ತ್ರಿ ಕಾಕಾ, ಬ್ರೇಕ್ ತುಳಿದಾಗ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಬಿಟ್ಟ ಮೇಲೆ ಬಲಕ್ಕೆ ಹೋಗುತ್ತದೆ. ಹಿಂದಿನ ಗ್ಯಾರೇಜಿನಲ್ಲಿಯೂ ಹೇಳಿದ್ದೆ, ಅಲೈನ್‌ಮೆಂಟ್ ಮಾಡಿ ಕಳಿಸಿದರು."

ಈ ಮಾತಿಗಿಂತ ದೊಡ್ಡ ಸುಳಿವು ಇಡೀ ಪ್ರಕರಣದಲ್ಲಿ ಇನ್ನೊಂದಿಲ್ಲ. ಅಲೈನ್‌ಮೆಂಟ್ ಕೆಟ್ಟ ಗಾಡಿ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ. ತುಳಿದಾಗ ಒಂದು ದಿಕ್ಕು, ಬಿಟ್ಟಾಗ ಇನ್ನೊಂದು ದಿಕ್ಕು ಎಂದರೆ ಒಂದು ಚಕ್ರದ ಬ್ರೇಕು ತಡವಾಗಿ ಹಿಡಿಯುತ್ತಿದೆ ಮತ್ತು ತಡವಾಗಿ ಬಿಡುತ್ತಿದೆ. ದಿನವೂ ಸ್ಟಿಯರಿಂಗ್ ಹಿಡಿಯುವ ಡ್ರೈವರನ ಕೈಗೆ ಗೊತ್ತಿರುವುದು ಯಾವ ಯಂತ್ರಕ್ಕೂ ಗೊತ್ತಿರುವುದಿಲ್ಲ. ಅವನನ್ನು ಬದಿಗೆ ಸರಿಸಿ ಮಾಲೀಕರೊಂದಿಗೆ ಮಾತ್ರ ಮಾತನಾಡುವ ರೂಢಿ ನಮ್ಮ ವೃತ್ತಿಯಲ್ಲಿ ಬೇರೂರಿದೆ. ಅದರಿಂದ ಆಗುವ ನಷ್ಟಕ್ಕೆ ಆ ಬಿಲ್ಲುಗಳೇ ಸಾಕ್ಷಿ.

ಪರೀಕ್ಷೆಗೆ ಗಾಡಿಯನ್ನು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿ ಬಳಿಯ ವಂಟಮುರಿ ಘಟ್ಟದ ಕಡೆಗೆ ಒಯ್ದೆವು. ಸಮತಟ್ಟಾದ ರಸ್ತೆಯಲ್ಲಿ ಬ್ರೇಕ್ ಮುಟ್ಟದೆ ವೇಗ ಏರಿಸಿದಾಗ ಎಪ್ಪತ್ತೈದರಿಂದ ಸ್ಟಿಯರಿಂಗಿನಲ್ಲಿ ಅಲುಗಾಟ ಶುರುವಾಯಿತು. ಎಂಬತ್ತೈದರ ಆಸುಪಾಸಿನಲ್ಲಿ ಜೋರಾಗಿ, ನೂರರ ಹತ್ತಿರ ತಗ್ಗಿತು. ನಂತರ ತೊಂಬತ್ತರಿಂದ ಹದವಾಗಿ ಬ್ರೇಕ್ ಹಾಕಿದಾಗ ಬಂದದ್ದು ಬೇರೆಯೇ ನಡುಕ: ಒರಟು, ಪೆಡಲಿನಲ್ಲಿಯೂ ತಿಳಿಯುವಂಥದ್ದು, ಗಾಡಿ ನಿಧಾನವಾದಂತೆ ಅದರ ಬಡಿತವೂ ನಿಧಾನವಾಗುವಂಥದ್ದು. ಇಳಿಜಾರು ಮುಗಿಸಿ ನಿಂತ ಕೂಡಲೇ ದೂರದಿಂದ ತಾಪ ಅಳೆಯುವ ಥರ್ಮಾಮೀಟರ್ ಹಿಡಿದು ನೋಡಿದರೆ ಬಲಗಡೆಯ ಡಿಸ್ಕು ಎಡಗಡೆಯದಕ್ಕಿಂತ ಸುಮಾರು ಎರಡು ಪಟ್ಟು ಬಿಸಿಯಾಗಿತ್ತು.

ಇಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ಇಷ್ಟು ದಿನ ಒಂದೇ ರೋಗ ಎಂದು ನೋಡಿಕೊಂಡು ಬಂದದ್ದು ಎರಡು ಬೇರೆ ಬೇರೆ ರೋಗಗಳು. ಬ್ರೇಕಿನ ಕೆಲಸ ಮಾಡಿದಾಗ ಚಕ್ರದ ನಡುಕ ಉಳಿಯುತ್ತಿತ್ತು, ಬ್ಯಾಲೆನ್ಸಿಂಗ್ ಮಾಡಿದಾಗ ಬ್ರೇಕಿನ ನಡುಕ ಉಳಿಯುತ್ತಿತ್ತು. ಮಾಲೀಕರಿಗೆ ಮಾತ್ರ ಪ್ರತಿ ಸಲವೂ "ಸರಿಹೋಗಲಿಲ್ಲ" ಎಂದೇ ಅನ್ನಿಸುತ್ತಿತ್ತು.

ಬ್ರೇಕಿನಿಂದ ಆರಂಭಿಸಿದೆವು. ಬಲಗಡೆಯ ಮುಂದಿನ ಚಕ್ರ ಎತ್ತಿ, ಪೆಡಲನ್ನು ನಾಲ್ಕಾರು ಬಾರಿ ತುಳಿಸಿ ಬಿಡಿಸಿದೆ. ಚಕ್ರ ಕೈಗೆ ತಿರುಗಲಿಲ್ಲ. ಒಂದಷ್ಟು ಹೊತ್ತಿನ ಬಳಿಕ ತಾನಾಗಿಯೇ ಸಡಿಲವಾಯಿತು. ಇಂಥ ಸ್ಥಿತಿಯಲ್ಲಿ ಹೆಚ್ಚಿನವರು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಸಿಕ್ಕಿಹಾಕಿಕೊಂಡಿದೆ ಎಂದು ಕ್ಯಾಲಿಪರನ್ನೇ ಬದಲಿಸುತ್ತಾರೆ. ಅದಕ್ಕೂ ಮೊದಲು ಮಾಡಬೇಕಾದ ಪರೀಕ್ಷೆಯೊಂದಿದೆ. ಮತ್ತೆ ಪೆಡಲ್ ತುಳಿಸಿ ಬಿಡಿಸಿ, ಚಕ್ರ ಬಿಗಿಯಾಗಿರುವಾಗಲೇ, ಕ್ಯಾಲಿಪರಿಗೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಹೋಸಿನ ಮೇಲ್ತುದಿಯಲ್ಲಿ ಕಬ್ಬಿಣದ ಪೈಪ್ ಸೇರುವ ನಟ್ಟನ್ನು ಸಡಿಲಿಸಿದೆ. ಒಂದೆರಡು ಹನಿ ಬಂತು, ಚಕ್ರ ಬಿಗಿಯಾಗಿಯೇ ಇತ್ತು. ಅಂದರೆ ಪೆಡಲಿನ ಬಲವನ್ನು ಎಣ್ಣೆಗೆ ಕೊಡುವ ಮಾಸ್ಟರ್ ಸಿಲಿಂಡರ್ ಕಡೆಯಿಂದ ಒತ್ತಡ ಉಳಿದಿಲ್ಲ. ನಂತರ ಕ್ಯಾಲಿಪರಿನಿಂದ ಎಣ್ಣೆ ಹೊರಬಿಡುವ ಬ್ಲೀಡ್ ನಿಪ್ಪಲ್ ತೆರೆದೆ. ಎಣ್ಣೆ ಚಿಮ್ಮಿತು, ಚಕ್ರ ಆ ಕ್ಷಣವೇ ಸಲೀಸಾಗಿ ತಿರುಗಿತು. ಪಿಸ್ಟನ್ ಹಿಡಿದಿದ್ದರೆ ನಿಪ್ಪಲ್ ತೆರೆದರೂ ಚಕ್ರ ಬಿಡುತ್ತಿರಲಿಲ್ಲ. ಒತ್ತಡ ಸಿಕ್ಕಿಕೊಂಡಿದ್ದದ್ದು ಈ ಎರಡರ ನಡುವೆ, ಹೋಸಿನ ಒಳಗೆ.

ಹೊರಗಿನಿಂದ ಆ ಹೋಸಿನಲ್ಲಿ ಒಂದು ಬಿರುಕೂ ಇರಲಿಲ್ಲ. ಆದರೆ ಅದನ್ನು ನಡುವೆ ಹಿಡಿದಿಡುವ ಕಬ್ಬಿಣದ ಪಟ್ಟಿಯ ಒಳಮೈಯಲ್ಲಿ ತುಕ್ಕು ಪದರ ಪದರವಾಗಿ ಬೆಳೆದು ರಬ್ಬರನ್ನು ಸುತ್ತಲಿಂದ ಹಿಸುಕಿತ್ತು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಿಗ್ಗುತ್ತದೆ. ಹೊರಗೆ ಜಾಗವಿಲ್ಲದಿದ್ದರೆ ಅದು ಒಳಗೇ ಒತ್ತುತ್ತದೆ. ಹೋಸನ್ನು ಆ ಜಾಗದಲ್ಲಿ ಕತ್ತರಿಸಿ ನೋಡಿದಾಗ ಒಳದಾರಿ ಸೂಜಿ ತೂರುವಷ್ಟು ಮಾತ್ರ ಉಳಿದಿತ್ತು. ಪಾದದ ಬಲದಿಂದ ಎಣ್ಣೆ ತಡವಾಗಿಯಾದರೂ ಕ್ಯಾಲಿಪರಿಗೆ ನುಗ್ಗುತ್ತದೆ. ಮರಳಿ ಬರುವಾಗ ತಳ್ಳುವ ಬಲ ಬಹಳ ಕಡಿಮೆ, ಹಾಗಾಗಿ ಹೆಚ್ಚು ತಡವಾಗುತ್ತದೆ. ಅಷ್ಟು ಹೊತ್ತು ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಹುಡುಗ ಹೇಳಿದ ಎಡ ಬಲದ ಎಳೆತಕ್ಕೆ ಕಾರಣ ಇದೇ.

ಕ್ಯಾಲಿಪರ್ ಜಾರುವ ಪಿನ್ನುಗಳಲ್ಲಿಯೂ ಒಂದು ಕೇಡಿತ್ತು. ಯಾರೋ ಅದಕ್ಕೆ ಚಾಸಿಗೆ ಹೊಡೆಯುವ ಸಾಮಾನ್ಯ ಗ್ರೀಸ್ ಹಚ್ಚಿದ್ದರು. ಪೆಟ್ರೋಲಿಯಂ ಗ್ರೀಸು ಬ್ರೇಕಿನ ರಬ್ಬರನ್ನು ಊದಿಸುತ್ತದೆ. ಕೆಳಗಿನ ಪಿನ್ನಿನ ರಬ್ಬರ್ ಉಬ್ಬಿ ಗಟ್ಟಿಯಾಗಿ ಕೂತಿತ್ತು, ಒಳಗಿನ ಪ್ಯಾಡು ಹೊರಗಿನದಕ್ಕಿಂತ ಎದ್ದು ಕಾಣುವಷ್ಟು ಸವೆದಿತ್ತು. ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸಿನ ಸಣ್ಣ ಟ್ಯೂಬ್ ತೀರಾ ದುಬಾರಿಯದಲ್ಲ. ಅದನ್ನು ಇಟ್ಟುಕೊಳ್ಳದ ಗ್ಯಾರೇಜಿನಲ್ಲಿ ಬ್ರೇಕಿನ ಕೆಲಸ ಮಾಡಿಸಬಾರದು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನು ಡಿಸ್ಕು. ಹಾಕಿ ಬಹಳ ದಿನವಾಗಿರಲಿಲ್ಲ, ದಪ್ಪವೂ ಕನಿಷ್ಠ ಮಿತಿಗಿಂತ ಸಾಕಷ್ಟು ಮೇಲಿತ್ತು. ಆದರೂ ಮೈಕ್ರೊಮೀಟರಿನಿಂದ ಸುತ್ತಲೂ ಎಂಟು ಕಡೆ ಅಳೆದಾಗ ಅತಿ ದಪ್ಪ ಜಾಗಕ್ಕೂ ಅತಿ ತೆಳು ಜಾಗಕ್ಕೂ 0.03 ಮಿಲಿಮೀಟರ್ ವ್ಯತ್ಯಾಸ ಸಿಕ್ಕಿತು. ಓದುವವರಿಗೆ ಇದು ಲೆಕ್ಕಕ್ಕೆ ಬಾರದಷ್ಟು ಸಣ್ಣದೆನಿಸಬಹುದು. ಇದಕ್ಕಿಂತ ಕಡಿಮೆ ವ್ಯತ್ಯಾಸವನ್ನೂ ಪಾದ ಗುರುತಿಸುತ್ತದೆ. ದಪ್ಪ ಭಾಗ ಪ್ಯಾಡುಗಳ ನಡುವೆ ಬಂದಾಗಲೆಲ್ಲ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ, ಎಣ್ಣೆಯ ಒತ್ತಡ ಏರುತ್ತದೆ, ಹಿಡಿತ ಬಿಗಿಯಾಗುತ್ತದೆ. ತೆಳು ಭಾಗದಲ್ಲಿ ಸಡಿಲವಾಗುತ್ತದೆ. ಚಕ್ರದ ಪ್ರತಿ ಸುತ್ತಿಗೂ ಇದು ನಡೆಯುತ್ತದೆ. ನಮ್ಮಲ್ಲಿ ಇಂಥ ಡಿಸ್ಕನ್ನು ನೋಡಿದ ಕೂಡಲೇ ಬಿಸಿಗೆ ಬಾಗಿದೆ ಎನ್ನುತ್ತಾರೆ. ಬಾಗಿದ ಡಿಸ್ಕು ವಿರಳ. ಒಂದೊಂದು ಕಡೆ ಒಂದೊಂದು ದಪ್ಪವಾದ ಡಿಸ್ಕೇ ಹೆಚ್ಚು.

ಹೊಸ ಡಿಸ್ಕು ಹೀಗೇಕಾಯಿತು? ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿ ನಿಧಾನವಾಗಿ ತಿರುಗಿಸಿದಾಗ ಡಿಸ್ಕಿನ ಅಂಚು 0.14 ಮಿಲಿಮೀಟರ್ ಓಲಾಡುತ್ತಿತ್ತು. ಇದು ಸಾಮಾನ್ಯವಾಗಿ 0.05ರಿಂದ 0.10ರ ಒಳಗಿರಬೇಕು. ಡಿಸ್ಕನ್ನು ತೆಗೆದು ಹಬ್ಬಿನ ಮೇಲೆ ಒಂದು ತೂತು ಮುಂದಕ್ಕೆ ತಿರುಗಿಸಿ ಮತ್ತೆ ಬಿಗಿದು ಅಳೆದೆ. ಉಬ್ಬಿನ ಜಾಗ ಡಿಸ್ಕಿನ ಜೊತೆ ತಿರುಗಲಿಲ್ಲ, ಹಬ್ಬಿನ ಅದೇ ಬೋಲ್ಟಿನ ಬಳಿ ಉಳಿಯಿತು. ತಪ್ಪು ಡಿಸ್ಕಿನದಲ್ಲ, ಅದು ಕೂರುವ ಹಬ್ಬಿನದು. ಹಬ್ಬಿನ ಮುಖದ ಮೇಲೆ, ಬೋಲ್ಟುಗಳ ಬುಡದಲ್ಲಿ, ತುಕ್ಕಿನ ಹೆಪ್ಪು ಕಟ್ಟಿತ್ತು. ಹೊಸ ಡಿಸ್ಕನ್ನು ಅದನ್ನು ಕೆರೆಯದೆ ಅದರ ಮೇಲೆಯೇ ಕೂರಿಸಿದ್ದರು. ಹಬ್ಬಿನ ಅಂಚಿನಲ್ಲಿ 0.05 ಮಿಲಿಮೀಟರಿನ ತುಕ್ಕು ಸಿಕ್ಕಿಕೊಂಡರೂ ಅದರ ಎರಡರಷ್ಟು ವ್ಯಾಸದ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಓಲಾಟ ಎರಡು ಪಟ್ಟಾಗುತ್ತದೆ.

ಓಲಾಟ ಇದ್ದ ಮಾತ್ರಕ್ಕೆ ಮೊದಲ ದಿನವೇ ನಡುಕ ಬರುವುದಿಲ್ಲ, ಮೋಸ ಇರುವುದೇ ಇಲ್ಲಿ. ಓಲಾಡುವ ಡಿಸ್ಕಿನ ಉಬ್ಬು ಬ್ರೇಕ್ ಹಾಕದಿದ್ದಾಗಲೂ ಪ್ರತಿ ಸುತ್ತಿಗೆ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಕೆಲವು ಸಾವಿರ ಕಿಲೋಮೀಟರಿನಲ್ಲಿ ಆ ಜಾಗ ತೆಳುವಾಗಿ ದಪ್ಪದ ವ್ಯತ್ಯಾಸ ಹುಟ್ಟುತ್ತದೆ. ಆಗ ನಡುಕ ಬರುತ್ತದೆ. ಡಿಸ್ಕು ತಿರುವಿಸಿದರೆ ದಪ್ಪ ಸಮವಾಗಿ ನಡುಕ ಹೋಗುತ್ತದೆ, ಮಾಲೀಕರು ಸಂತೋಷದಿಂದ ಮನೆಗೆ ಹೋಗುತ್ತಾರೆ, ತುಕ್ಕಿನ ಹಬ್ಬಿನ ಮೇಲೆ ಅದೇ ಕಥೆ ಮೊದಲಿನಿಂದ ಶುರುವಾಗುತ್ತದೆ. ಈ ಗಾಡಿಯಲ್ಲಿ ಬಲಗಡೆಯ ಬ್ರೇಕು ಹೋಸಿನ ದೆಸೆಯಿಂದ ಸದಾ ಉಜ್ಜುತ್ತಿದ್ದುದರಿಂದ ಸಾವಿರಗಳ ಕೆಲಸ ನೂರುಗಳಲ್ಲಿ ಆಗುತ್ತಿತ್ತು.

ತಿರುವಿಸಿದ ಡಿಸ್ಕು ಬೇಗ ಕೆಟ್ಟದ್ದಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಲೇತ್ ಕೆಲಸ ಮಾಡುವ ಟರ್ನರುಗಳ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಎರಕದ ಕಬ್ಬಿಣವನ್ನು ಅವರಷ್ಟು ಬಲ್ಲವರು ಕಡಿಮೆ. ಆದರೆ ಡಿಸ್ಕು ಒಂದು ಕಡೆ 650 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದಿದ್ದರೆ ಆ ಜಾಗದ ಎರಕದ ಕಬ್ಬಿಣದಲ್ಲಿ ಸಿಮೆಂಟೈಟ್ ಎಂಬ ಗಡಸು ರಚನೆ ಆಗುತ್ತದೆ. ನೀಲಿ ಕಲೆಗಳು ಅಂಥ ಕಾವಿನ ಸುಳಿವು. ಮೇಲಿನಿಂದ ಒಂದಿಷ್ಟು ತಿರುವಿದರೂ ಗಡಸುತನ ಒಳಗೆ ಉಳಿದಿರುತ್ತದೆ. ಸುತ್ತಲಿನ ಮೆದು ಭಾಗ ಸವೆಯುತ್ತದೆ, ಗಡಸು ಭಾಗ ಸವೆಯದೆ ಉಬ್ಬಾಗಿ ನಿಲ್ಲುತ್ತದೆ. ನೀಲಿ ಕಲೆ ಬಿದ್ದ ಡಿಸ್ಕನ್ನು ಲೇತಿಗೆ ಕಳಿಸಿ ಪ್ರಯೋಜನವಿಲ್ಲ. ಲೇತಿನ ಚಕ್ಕಿನಲ್ಲಿ ಹಿಡಿದ ಡಿಸ್ಕು ಚಕ್ಕಿಗೆ ನೇರವಾಗಿರುತ್ತದೆ, ನಿಮ್ಮ ಗಾಡಿಯ ಹಬ್ಬಿಗೆ ಅಲ್ಲ ಎಂಬುದೂ ನೆನಪಿನಲ್ಲಿರಲಿ. ಮರಳಿ ಕೂರಿಸಿದ ಮೇಲೆ ಡಯಲ್ ಗೇಜ್ ಹಚ್ಚಲೇಬೇಕು.

ಈಗ ಎರಡನೆಯ ರೋಗ, ಎಂಬತ್ತರ ವೇಗದ ಅಲುಗಾಟ. ಈ ಗಾಡಿಯ ಟೈರು 235/70 ಆರ್16. ವ್ಯಾಸ ಸುಮಾರು 735 ಮಿಲಿಮೀಟರ್, ಸುತ್ತಳತೆ 2.31 ಮೀಟರ್. ಗಂಟೆಗೆ ಎಂಬತ್ತರಲ್ಲಿ ಚಕ್ರ ಸೆಕೆಂಡಿಗೆ ಒಂಬತ್ತೂವರೆ ಸುತ್ತು ತಿರುಗುತ್ತದೆ. ಸ್ಟಿಯರಿಂಗಿನಲ್ಲಿ ಕಂಡ ಅಲುಗಾಟವೂ ಹೆಚ್ಚುಕಡಿಮೆ ಅದೇ ಲಯದಲ್ಲಿತ್ತು. ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ದೋಷವಾಗಿದ್ದರೆ ಅಲುಗಾಟದ ಬದಲು ಗುಂಯ್‌ಗುಡುವ ಕಂಪನ ಇರುತ್ತಿತ್ತು. ಹಾಗಾದರೆ ಚಕ್ರವೇ. ಆದರೆ ಬ್ಯಾಲೆನ್ಸಿಂಗ್ ಯಂತ್ರ ಸೊನ್ನೆ ತೋರಿಸಿದ ಚೀಟಿಯೂ ಬಿಲ್ಲುಗಳ ನಡುವೆ ಇತ್ತು.

ಯಂತ್ರ ಸುಳ್ಳು ಹೇಳಿರಲಿಲ್ಲ. ಮಾಲೀಕರ ಮಗ ಮೂಲ ಕಬ್ಬಿಣದ ರಿಮ್ಮು ತೆಗೆಸಿ ಅಂಗಡಿಯಿಂದ ಅಲಾಯ್ ಚಕ್ರ ಹಾಕಿಸಿದ್ದರು. ಇಂಥ ಚಕ್ರಗಳನ್ನು ಹಲವು ಗಾಡಿಗಳಿಗೆ ಹೊಂದಲೆಂದು ನಡುವಿನ ತೂತನ್ನು ದೊಡ್ಡದಾಗಿ ಬಿಟ್ಟಿರುತ್ತಾರೆ. ಇಲ್ಲಿ ಅದು ಹಬ್ಬಿನ ಮೂತಿಗಿಂತ ಒಂದು ಮಿಲಿಮೀಟರಿಗೂ ಹೆಚ್ಚು ಅಗಲವಾಗಿತ್ತು. ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ಆ ತೂತಿನ ನಡುವಿಗೆ ಕೋನ್ ಇಟ್ಟು ಹಿಡಿಯುತ್ತದೆ, ಅಲ್ಲಿ ಚಕ್ರ ಸರಿಯಾಗಿ ನಡುವೆ ಕೂರುತ್ತದೆ. ಗಾಡಿಯ ಮೇಲೆ ನಟ್ಟುಗಳು ಎಲ್ಲಿಗೆ ಎಳೆದವೋ ಅಲ್ಲಿ ಕೂರುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಗಾಳಿಯ ಗನ್ನಿನಿಂದ ಒಂದು ನಟ್ಟನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಅದು ಪಕ್ಕಕ್ಕೆ ಸರಿದೇ ಕೂರುತ್ತದೆ. ಟೈರ್ ಸೇರಿ 28 ಕಿಲೋ ತೂಗುವ ಚಕ್ರ ಅರ್ಧ ಮಿಲಿಮೀಟರ್ ಸರಿದರೆ ರಿಮ್ಮಿನ ಅಂಚಿಗೆ ಸುಮಾರು 70 ಗ್ರಾಂ ತೂಕ ತಪ್ಪಾಗಿ ಅಂಟಿಸಿದ್ದಕ್ಕೆ ಸಮ. ಎಂಬತ್ತರ ವೇಗದಲ್ಲಿ ಅದು ಐದು ಕಿಲೋದಷ್ಟು ಬಲದಿಂದ ಸೆಕೆಂಡಿಗೆ ಒಂಬತ್ತೂವರೆ ಬಾರಿ ಮುಂಭಾಗವನ್ನು ಜಗ್ಗುತ್ತದೆ.

ಆ ಜಗ್ಗಾಟಕ್ಕೆ ಒದಗಿದ್ದದ್ದು ಚಕ್ರವನ್ನು ಚಾಸಿಗೆ ಜೋಡಿಸುವ ಕೆಳತೋಳಾದ ಬಲಗಡೆಯ ಲೋವರ್ ಆರ್ಮಿನ ಸೀಳಿದ ಬುಷ್ಷು (ಕೀಲಿನ ರಬ್ಬರು) ಮತ್ತು ಚಕ್ರದ ಕಡೆಯ ಸಡಿಲವಾದ ಬಾಲ್ ಜಾಯಿಂಟ್. ಅವು ಗಟ್ಟಿಯಾಗಿದ್ದರೆ ನಡುಕ ಇಷ್ಟು ಕೈಗೆ ಬರುತ್ತಿರಲಿಲ್ಲ. ಸ್ಪ್ರಿಂಗಿನ ಭಾರ ಲೋವರ್ ಆರ್ಮಿನ ಮೇಲೆ ಬೀಳುವ ಇಂಥ ಗಾಡಿಯಲ್ಲಿ ಜ್ಯಾಕನ್ನು ಚಾಸಿಗೆ ಕೊಟ್ಟು ಎತ್ತಿದರೆ ಜಾಯಿಂಟಿನ ಸಡಿಲು ತಿಳಿಯುವುದಿಲ್ಲ. ಸ್ಪ್ರಿಂಗಿನ ಒತ್ತಡ ಅದನ್ನು ಬಿಗಿ ಹಿಡಿದಿರುತ್ತದೆ. ಆರ್ಮಿನ ಕೆಳಗೇ ಜ್ಯಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಅಲುಗಿಸಬೇಕು.

ಮಾಡಿದ ಕೆಲಸದ ವಿವರ ಚಿಕ್ಕದು. ಮುಂದಿನ ಎರಡೂ ಹೋಸು, ಪಿನ್ನಿನ ರಬ್ಬರುಗಳು, ಎರಡೂ ಕಡೆಯ ಡಿಸ್ಕು ಮತ್ತು ಪ್ಯಾಡು, ಬಲಗಡೆಯ ಬುಷ್ಷು, ಬಾಲ್ ಜಾಯಿಂಟ್. ಹಬ್ಬಿನ ಮುಖವನ್ನು ಲೋಹ ಹೊಳೆಯುವವರೆಗೆ ಉಜ್ಜಿದ ಮೇಲೆ ಓಲಾಟ 0.04ಕ್ಕೆ ಇಳಿಯಿತು. ಬುಷ್ಷಿನ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಮಾಡಿದೆವು. ತೂಗಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಸೀಳುತ್ತದೆ. ಅಲಾಯ್ ಚಕ್ರದ ತೂತಿಗೆ ಉದ್ಯಮಬಾಗ್‌ನಲ್ಲಿಯೇ ಅಲ್ಯುಮಿನಿಯಂ ಉಂಗುರ ತಿರುವಿಸಿ ಕೂರಿಸಿದೆವು. ನಟ್ಟುಗಳನ್ನು ಚಕ್ರ ಎತ್ತಿದ ಸ್ಥಿತಿಯಲ್ಲಿ ಎದುರುಬದುರಾಗಿ ಕೈಯಿಂದ ಕೂರಿಸಿ, ಟಾರ್ಕ್ ರೆಂಚಿನಿಂದ 110 ನ್ಯೂಟನ್ ಮೀಟರಿಗೆ ಮುಗಿಸಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ನೋಡಿದೆವು. ಅಲೈನ್‌ಮೆಂಟ್ ಎಲ್ಲಕ್ಕೂ ಕೊನೆಯಲ್ಲಿ.

ಬ್ರೇಕ್ ಎಣ್ಣೆಯ ಬಗ್ಗೆ ಮಾತ್ರ ನಾನು ಮಾಲೀಕರೊಂದಿಗೆ ಸ್ವಲ್ಪ ಖಾರವಾಗಿಯೇ ಮಾತನಾಡಿದೆ. ಅದು ಚಹಾದ ಬಣ್ಣಕ್ಕೆ ತಿರುಗಿತ್ತು. ಅಷ್ಟು ಬಿಲ್ಲುಗಳಲ್ಲಿ ಎಣ್ಣೆ ಬದಲಿಸಿದ ಒಂದು ಸಾಲೂ ಇರಲಿಲ್ಲ. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಎಣ್ಣೆಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಜನ, ಸರಕು ಸೇರಿ 2300 ಕಿಲೋ ತೂಗುವ ಗಾಡಿ 500 ಮೀಟರ್ ಎತ್ತರ ಇಳಿದಾಗ ಹೊರಬೀಳುವ ಶಕ್ತಿ ಸುಮಾರು 35 ಲೀಟರ್ ತಣ್ಣೀರನ್ನು ಕುದಿಸಬಲ್ಲದು. ಎಂಜಿನ್ನು ತಡೆದಷ್ಟು ಬಿಟ್ಟು ಉಳಿದದ್ದೆಲ್ಲ ಬ್ರೇಕಿಗೇ ಹೋಗುತ್ತದೆ. ಕ್ಯಾಲಿಪರಿನಲ್ಲಿ ಎಣ್ಣೆ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. "ಕಾಕಾ, ಮೊಮ್ಮಕ್ಕಳನ್ನು ಕೂರಿಸಿಕೊಂಡು ಈ ಎಣ್ಣೆಯಲ್ಲಿ ಘಟ್ಟ ಇಳಿದಿದ್ದೀರಿ" ಎಂದೆ. ಅವರು ಏನೂ ಹೇಳದೆ ಎಣ್ಣೆ ಬದಲಿಸಲು ಒಪ್ಪಿದರು.

ಹುಡುಗನೊಂದಿಗೆ ಮತ್ತೊಮ್ಮೆ ಹೆದ್ದಾರಿಗೆ ಹೋಗಿ ಪ್ಯಾಡು ಹೊಂದಿಸಿದೆ: ಅರವತ್ತರಿಂದ ಇಪ್ಪತ್ತಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು, ಕೊನೆಗೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸುವುದು. ಘಟ್ಟದಲ್ಲಿ ಅವನು ನಾಲ್ಕನೆಯ ಗೇರಿನಲ್ಲಿ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಇಳಿಯುತ್ತಿದ್ದ. ಕೆಳಗೆ ಚೆಕ್‌ಪೋಸ್ಟಿನ ಸರದಿಯಲ್ಲಿ ಕಾದ ಡಿಸ್ಕಿನ ಮೇಲೆ ಪೆಡಲ್ ಒತ್ತಿ ಹಿಡಿದು ನಿಲ್ಲುತ್ತಿದ್ದ. ಹಾಗೆ ನಿಂತರೆ ಪ್ಯಾಡಿನ ವಸ್ತು ಡಿಸ್ಕಿನ ಆ ಒಂದು ಜಾಗಕ್ಕೆ ಅಂಟಿ ಅಚ್ಚು ಬೀಳುತ್ತದೆ, ಮುಂದೆ ಅದೇ ಉಬ್ಬಾಗುತ್ತದೆ. ಎರಡನೆಯ, ಮೂರನೆಯ ಗೇರಿನಲ್ಲಿ ಇಳಿದು, ಬೇಕಾದಾಗ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಟ್ಟು, ನಿಂತಾಗ ಹಿಂದಿನ ಡ್ರಮ್ಮಿನ ಮೇಲೆ ಕೆಲಸ ಮಾಡುವ ಹ್ಯಾಂಡ್‌ಬ್ರೇಕ್ ಎಳೆಯಲು ಕಲಿಸಿದೆ. ಬೇಗ ಕಲಿತ.

ಮುಂದಿನ ಮಳೆಗಾಲ ಕಳೆದ ಮೇಲೆ ಗಾಡಿಯನ್ನು ಕರೆಸಿ ಮತ್ತೆ ಅಳೆದೆ. ಬಲಗಡೆಯ ಡಿಸ್ಕಿನ ದಪ್ಪದ ವ್ಯತ್ಯಾಸ 0.01ನ್ನು ಮುಟ್ಟಿರಲಿಲ್ಲ, ಎರಡೂ ಡಿಸ್ಕುಗಳ ಬಿಸಿ ಹೆಚ್ಚುಕಡಿಮೆ ಸಮವಾಗಿತ್ತು, ಎಂಬತ್ತರಲ್ಲಿ ಸ್ಟಿಯರಿಂಗ್ ಶಾಂತವಾಗಿತ್ತು. ಹಬ್ಬಿನ ಅಂಚಿನಲ್ಲಿ ತೆಳು ತುಕ್ಕು ಮರಳಿತ್ತು. ಅದನ್ನು ಉಜ್ಜಿ ತೆಗೆದು ಡಿಸ್ಕು ಕೂರಿಸಿದೆವು. ಆ ಊರಿನ ಗಾಡಿಗಳಿಗೆ ಪ್ರತಿ ವರ್ಷ ದಸರೆಯ ಹೊತ್ತಿಗೆ ಇದನ್ನು ಮಾಡಲೇಬೇಕು. ನೂರು ದಾಟಿದ ಮೇಲೆ ಆಸನದ ಕೆಳಗೆ ಒಂದು ಸಣ್ಣ ಗುಂಯ್‌ಗುಡುವಿಕೆ ಇದೆ ಎಂದು ಹುಡುಗ ಈ ಸಲ ತಾನಾಗಿಯೇ ಹೇಳಿದ. ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಯೂನಿವರ್ಸಲ್ ಜಾಯಿಂಟಿನಲ್ಲಿ ಸಡಿಲು ಕಂಡಿದೆ. ಬಿಡಿಭಾಗ ತರಿಸಲು ಹೇಳಿದ್ದೇನೆ.